ಆಚಾರಿಯವರು ತಿದ್ದಿದ ಉಳಿ

ರಾಜಮಹೇಂದ್ರವರದಲ್ಲಿ ಕೈಯಿಂದ ಪೆನ್ನು ಕಡೆಯುವವರ ಸಾಲಿನಲ್ಲಿ, ಇಂಕು ಸೋರದ ಪೆನ್ನಿಗೆ ಹೆಸರಾದ ಶ್ರೀ ವೀರಭದ್ರಾಚಾರಿಯವರು ಈ ಯುಗಾದಿಗೆ ಲೇತಿನ ಮುಂದಿನಿಂದ ಎದ್ದು ವಿಶ್ರಾಂತಿಗೆ ತೆರಳುತ್ತಿದ್ದಾರೆ. ಅವರ ಪಕ್ಕದ ಬೆಂಚಿನಲ್ಲಿ ಪೆನ್ನುಗಳಿಗೆ ಹೊಳಪು ಕೊಡುತ್ತ ಕೆಲಸ ಶುರುಮಾಡಿ ಅಲ್ಲೇ ಮುದುಕಿಯಾದ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಈ ಸತ್ತೆಮ್ಮನಿಗೆ ಅವರ ಕುರಿತು ಬರೆಯುವ ಅವಕಾಶ ಒದಗಿದ್ದು ಸಂತೋಷದ ಸಂಗತಿ.

ತಂದೆಯವರಿಂದ ಕೆಲಸ ಕಲಿತ ಅವರು ಬಹುಕಾಲ ಕಡೆದದ್ದು ಗಟ್ಟಿ ರಬ್ಬರಿನ ಕಪ್ಪು ಕಡ್ಡಿಗಳನ್ನು ಮಾತ್ರ. ಪಾಲಿಶ್ ಮೋಟಾರು ಬಂದ ವರ್ಷ ಹೆಂಗಸರ ಬೆಂಚು ಖಾಲಿಯಾಗುತ್ತ ಬಂದು ಕೊನೆಗೆ ನಾನೊಬ್ಬಳೇ ಉಳಿದೆ. ಸಂಕ್ರಾಂತಿಯ ನಂತರ ನನಗೂ ಕೆಲಸವಿಲ್ಲವೆಂದು ಯಜಮಾನ ಗಂಗಯ್ಯನವರು ತಿಳಿಸಿದ್ದರು. ಅದೇ ಹೊತ್ತಿಗೆ ಮರದ ಪೆನ್ನಿಗೆ ಬೇಡಿಕೆ ಬಂತು. ಹಳೆಯ ದೋಣಿಗಳ ತೇಗದ ಪಟ್ಟಿಗಳನ್ನು ಮೊದಲು ದುಂಡನೆಯ ಕಡ್ಡಿಗಳಾಗಿಸಬೇಕಿತ್ತು. ರಬ್ಬರಿಗೆ ಪಳಗಿದ ಚಪ್ಪಟೆ ಮೂತಿಯ ಉಳಿ ಮರದ ನಾರನ್ನು ಕಿತ್ತುಹಾಕಿತು. ಆಚಾರಿಯವರು, ತಂದೆ ಕೊಟ್ಟಿದ್ದ ಆ ಉಳಿಯನ್ನೇ ಸಾಣೆಗೆ ಹಿಡಿದು, ಬಡಗಿ ಮರ ಕೀಸುವ ಅಲಗಿನಂತೆ ಇಳಿಜಾರು ಮಾಡಿದರು. ಅದು ಮತ್ತೆ ರಬ್ಬರಿಗೆ ಒದಗಲಿಲ್ಲ.

ನಾರು ಏಳುವುದು ನಿಂತಿತು. ಆದರೆ ಸಣ್ಣ ಕಡ್ಡಿ ನಡುವೆ ಬಾಗಿ, ಅಲಗಿನಿಂದ ತಪ್ಪಿಸಿಕೊಂಡು, ಹೊಟ್ಟೆ ಉಬ್ಬಿಸಿಕೊಂಡೇ ಹೊರಬರುತ್ತಿತ್ತು.

"ಆಚಾರಿಯಣ್ಣ, ನಿನ್ನ ಕಡ್ಡಿಗೆ ಎಷ್ಟು ತಿಂಗ್ಳು?" ಅಂದೆ.

"ನಗು, ನಗು. ಬಾಣಂತನಕ್ಕೆ ನಿನ್ನೇ ನಿಲ್ಲಿಸ್ತೀನಿ, ನೋಡ್ತಿರು!"

ಹಾಸ್ಯವೆಂದುಕೊಂಡಿದ್ದೆ. ಅವರು ಕಬ್ಬಿಣದ ತುಂಡೊಂದಕ್ಕೆ ಕಡ್ಡಿಯ ಗಾತ್ರದ ತೂತು ಕೊರೆದು ಅಲಗಿನ ಬೆನ್ನಿಗೇ ಬಿಗಿದರು. ಆಗಷ್ಟೇ ದುಂಡಾದ ಭಾಗ ತೂತಿನೊಳಗೆ ಸರಿದು ಅಲ್ಲಾಡದೆ ನಿಲ್ಲುತ್ತಿತ್ತು. ಅಲಗನ್ನು ಕಡ್ಡಿಯುದ್ದಕ್ಕೂ ಸರಿಸುವ ಲೇತಿನ ಹಿಡಿಯನ್ನು ಒಂದೇ ಹದದಲ್ಲಿ ತಿರುಗಿಸುವ ತಾಳ್ಮೆಯಿದ್ದರೆ ಸಾಕಿತ್ತು. ಹೆಂಗಸರು ಲೇತ್ ಮುಟ್ಟುವ ರೂಢಿ ನಮ್ಮಲ್ಲಿರಲಿಲ್ಲ. ಆದರೂ ಅವರು ನನ್ನನ್ನು ಅದರ ಮುಂದೆ ನಿಲ್ಲಿಸಿ ಯಜಮಾನರನ್ನು ಕರೆತಂದರು.

"ಏನಯ್ಯ ಆಚಾರಿ, ಸತ್ತೆಮ್ಮನ ಕೈಗೆ ಲೇತಾ?"

"ನನ್ನ ಕೈಗೆ ಅವಸರ ಬಾಬೂ, ಅವಳ ಕೈಗಿಲ್ಲ. ಮೊದ್ಲು ಕಡ್ಡಿ ನೋಡಿ, ಆಮೇಲೆ ಬೈರಿ."

ಗಂಗಯ್ಯನವರು ನಾನು ಕಡೆದ ಕಡ್ಡಿಯನ್ನು ಮೇಜಿನ ಮೇಲೆ ಉರುಳಿಸಿದರು. ಅದು ಎಲ್ಲೂ ಕುಣಿಯದೆ ಅಂಚಿನವರೆಗೂ ಹೋಗಿ ಕೆಳಗೆ ಬಿತ್ತು. ಸಂಕ್ರಾಂತಿ ಕಳೆದ ಮೇಲೂ ನಾನು ಕೆಲಸಕ್ಕೆ ಹೋದೆ.

ಆ ಉಳಿ ಈಗಲೂ ನನ್ನ ಬಳಿಯಿದೆ. ಸಾಣೆ ಹಿಡಿಯುವುದನ್ನೂ ಅವರೇ ಕಲಿಸಿದ್ದಾರೆ. ಹಾಗಿದ್ದರೂ ಕೆಲಸಕ್ಕೆ ರಜೆಯಾಗಿ ಲೇತ್ ನಿಲ್ಲುವ ಪ್ರತಿ ಅಮಾವಾಸ್ಯೆಗೆ ಅದನ್ನು ಅವರ ಜಗುಲಿಗೆ ಒಯ್ಯಬೇಕೆಂದಿದ್ದೇನೆ. ಅಲಗನ್ನು ಬಿಸಿಲಿಗೆ ಹಿಡಿದು ಕೊರತೆ ಹುಡುಕುವ ಆ ಕಣ್ಣು, "ಇದೇನೇ ಸಾಣೆ, ಸೊಪ್ಪು ಹೆಚ್ಚೋಕಾ?" ಎಂದು ರೇಗುವ ಆ ದನಿ ಬಹುಕಾಲ ಹೀಗೆಯೇ ಇರಲಿ. ಅವರ ಕೈಗೆ ಕೆಲಸ ತಪ್ಪದಂತೆ ಉಳಿಯನ್ನು ಮೊಂಡು ಮಾಡುವ ಹೊಣೆ ನನ್ನದು.