ಹನ್ನೆರಡೂವರೆ ಕೆಜಿಯ ನಾಯಿ

ಮಾತ್ರೆ ಕೊಟ್ಟಿದ್ದು ನಾನೇ, ನನ್ನ ಕೈಯಾರೆ. ಮುದ್ದೆಯ ಚೂರಿನೊಳಗೆ ಅಡಗಿಸಿ, ಸಾರಿನಲ್ಲಿ ಅದ್ದಿ ಬಾಯಿಗೆ ಹಿಡಿದೆ. ಬೇರೆ ಯಾರು ಏನು ಕೊಟ್ಟರೂ ಮೂಸಿ ನೋಡುವ ನಾಯಿ, ನನ್ನ ಕೈ ಅಂತ ಮೂಸದೆ ನುಂಗಿತು. ಆ ಮಧ್ಯಾಹ್ನ ನೆನೆದಾಗಲೆಲ್ಲ ಮೊದಲು ಕಣ್ಣ ಮುಂದೆ ಬರುವುದು ಅದೇ.

ರಾಮಗಿರಿಯಲ್ಲಿ ಸ್ಟೇಷನ್ ಕಡೆ ಹೋಗುವ ರಸ್ತೆಗೆ ನಮ್ಮ ಮನೆ. ನಡುಮನೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಅದರ ಪಕ್ಕ ನಾಯಿ. ಮೂರು ವರ್ಷದ ಹಿಂದೆ ಊರೂರು ತಿರುಗುವ ಕುರಿಗಾರರ ಹಿಂಡಿನ ಜೊತೆ ಬಂದಿತ್ತು. ಕಾಲು ಮುರಿದುಕೊಂಡಿತು ಅಂತ ಅವರು ಬಿಟ್ಟು ಹೋದರು. ಉದ್ದ ಮೂತಿ, ಇಳಿದ ಎದೆ, ಬೆನ್ನಿಗಂಟಿದ ಹೊಟ್ಟೆ. ಎಷ್ಟು ಹಾಕಿದರೂ ಮೈ ಹಿಡಿಯದ ಜಾತಿ. ಹೆಸರು ಅಂತ ಇಡಲೇ ಇಲ್ಲ. 'ಲೇ' ಅಂದರೆ ಸಾಕು, ಎದ್ದು ಬರುತ್ತಿತ್ತು. ಒಂಟಿ ಹೆಂಗಸು ನಾನು. ಬಾಗಿಲು ಹಾಕಿದ ಮೇಲೆ ಮಾತಾಡಲು ಇನ್ನೊಂದು ಜೀವ ಅಂತ ಇದ್ದದ್ದು ಅದೊಂದೇ. ನಗುವವರು ನಗಲಿ.

ಗುಡುಗಿಗೆ ಕಿವಿ ಅಲ್ಲಾಡಿಸದ ಆ ನಾಯಿಗೆ ಪಟಾಕಿ ಅಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ವರ್ಷ ಗಣೇಶನನ್ನು ಬಿಡುವ ದಿನ ಗೋಡೆ ಹಾರಿ ಓಡಿದ್ದು, ಮೂರು ದಿನ ಆದಮೇಲೆ ರೈಲು ಹಳಿಯ ಪಕ್ಕ ಸಿಕ್ಕಿತು. ನಾಲ್ಕೂ ಪಾದದ ಚರ್ಮ ಕಿತ್ತುಹೋಗಿತ್ತು. ಈ ವರ್ಷ ಹಾಗಾಗಬಾರದು ಅಂತ, ಹೊಳಲ್ಕೆರೆಗೆ ಹೊರಟಿದ್ದ ಅಣ್ಣನಿಗೆ ಅಲ್ಲಿಯ ದನದ ಡಾಕ್ಟರನ್ನು ಕೇಳಿಕೊಂಡು ಬಾ ಅಂದೆ. ಅಣ್ಣ ಕುರಿ ವ್ಯಾಪಾರದವನು, ಸಂತೆ ಸಂತೆ ತಿರುಗುವವನು. ಡಾಕ್ಟರು ನಾಯಿಯನ್ನು ಕರೆದುಕೊಂಡು ಬನ್ನಿ ಅಂದರಂತೆ. ಅದು ಆಟೋ ಹತ್ತಲ್ಲ ಅಂದನಂತೆ. ಹಾಗಾದರೆ ತೂಕ ಹೇಳಿ ಅಂದರಂತೆ. ಹೇಳಿದನಂತೆ. ಮಂಪರು ಬರುವ ಮಾತ್ರೆ ಬರೆದುಕೊಟ್ಟರು.

"ಮೆರವಣಿಗೆ ಹೊರಡೋಕೆ ಒಂದು ತಾಸು ಮುಂಚೆ ಒಂದು ಮಾತ್ರೆ ಹಾಕು," ಅಂದ ಅಣ್ಣ. "ಸುಮ್ಕೆ ತೂಕಡಿಸ್ಕಂಡು ಬಿದ್ದಿರ್ತೈತೆ."

ಎರಡು ಗಂಟೆಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಹಿಂಗಾಲು ತೊಡರತೊಡಗಿತು. ಕುಡಿದು ಬಂದವರ ಹಾಗೆ ಗೋಡೆಗೆ ಒರಗಿ ನಿಂತಿದ್ದು ನೋಡಿ ನಕ್ಕೆ ಕೂಡ. ಆಮೇಲೆ ಒಂದು ಪಕ್ಕಕ್ಕೆ ಬಿತ್ತು. ನಾನು ಒಂದು ರವಿಕೆಯ ತೋಳು ಹಚ್ಚಿ ಮುಗಿಸಿ 'ಲೇ' ಅಂದೆ. ಅಲ್ಲಾಡಲಿಲ್ಲ. ಮಿಷನ್ ಬಿಟ್ಟು ಕೆಳಗೆ ಕೂತೆ. ಕಣ್ಣು ಅರೆ ತೆರೆದಿತ್ತು, ಅದರ ಮೇಲೆ ಬಿಳಿ ಪೊರೆ ಬಂದಿತ್ತು. ನಾಲಿಗೆ ಹೊರಗೆ ಜಾರಿತ್ತು. ತುಟಿ ಎತ್ತಿ ನೋಡಿದರೆ ಕೆಂಪಗಿರಬೇಕಾದ ವಸಡು ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ಅಷ್ಟರಲ್ಲಿ ಡಿಜೆ ಬಂತು, ತಮಟೆ ಬಂತು, ನಮ್ಮ ಬಾಗಿಲಲ್ಲೇ ಸರಪಟಾಕಿಗೆ ಬೆಂಕಿ ಬಿತ್ತು. ಮನೆ ಗಡಗಡ ಅಂತು. ನಾಯಿಯ ಒಂದು ಕೂದಲೂ ಅಲ್ಲಾಡಲಿಲ್ಲ. ಈ ಸದ್ದು ಅದಕ್ಕೆ ಕೇಳಬಾರದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಕೇಳಲಿಲ್ಲ.

"ಅಣ್ಣಾ!" ಅಂತ ಬೀದಿಗೆ ಬಿದ್ದು ಕಿರುಚಿದೆ. ಮೆರವಣಿಗೆಯಲ್ಲಿದ್ದವನು ಮೈಯೆಲ್ಲ ಗುಲಾಲು ಮಾಡಿಕೊಂಡು ಓಡಿ ಬಂದ. ನಾಯಿ ನೋಡಿ ಅವನ ಮುಖವೂ ಇಳಿಯಿತು.

"ಏನಾಗಲ್ಲ ಸುಮ್ಕಿರವ್ವ. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿ. ಮಜ್ಜಿಗೆ ಕುಡಿಸಾಣ."

"ನಿನ್ನ ಮಜ್ಜಿಗೆ ಹಾಳಾಗ್ಲಿ! ಆಟೋ ಕರಿ, ಹೊಳಲ್ಕೆರೆಗೆ ಹೋಗಾಣ."

"ಯಾವ ಆಟೋ ಬರ್ತೈತೆ? ರಸ್ತೆ ತುಂಬ ಜನ ಅವ್ರೆ, ಅಡ್ಡಲಾಗಿ ಗಣೇಶನ ಟ್ರ್ಯಾಕ್ಟರ್ ನಿಂತೈತೆ."

ಹೌದು. ವಿಘ್ನ ಕಳೆಯುವ ದೇವರೇ ರಸ್ತೆಗೆ ಅಡ್ಡ ನಿಂತಿದ್ದ. ಅವನನ್ನೂ ಬೈದೆ, ಬಿಡಲಿಲ್ಲ. ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ ಅಣ್ಣನೇ ಒತ್ತಿಕೊಟ್ಟ. ಡಾಕ್ಟರು ಎತ್ತಿದರು. ಹಿತ್ತಲಿಗೆ ಓಡಿ, ಒಂದು ಕಿವಿ ಮುಚ್ಚಿಕೊಂಡು ಎಲ್ಲ ಹೇಳಿದೆ.

"ಮಾತ್ರೆ ಒಂದೇ ತಾನೇ ಹಾಕಿದ್ದು? ಹನ್ನೆರಡೂವರೆ ಕೆಜಿಗೆ ಒಂದು ಹೆಚ್ಚಲ್ಲ. ತೂಕ ಸರಿಯಾಗಿ ಹೇಳಿದ್ರು ತಾನೇ?" ಅಂದರು.

ಹನ್ನೆರಡೂವರೆ? ಕಾಲು ಮುರಿದಿದ್ದಾಗ ತಿಂಗಳುಗಟ್ಟಲೆ ಅದನ್ನು ಎತ್ತಿಕೊಂಡು ಹಿತ್ತಲಿಗೆ ಒಯ್ದವಳು ನಾನು. ಇಪ್ಪತ್ತೈದು ಕೆಜಿಯ ಅಕ್ಕಿ ಚೀಲವನ್ನೂ ನಾನೇ ಎತ್ತುವವಳು. ಎರಡಕ್ಕೂ ಸೊಂಟ ಒಂದೇ ಥರ ನೋಯುತ್ತಿತ್ತು. ಒಳಗೆ ಬಂದು ಅಣ್ಣನ ಮುಂದೆ ನಿಂತೆ.

"ಯಾವ ತಕ್ಕಡೀಲಿ ತೂಗಿ ಹೇಳ್ದೆ ನೀನು?"

"ತಕ್ಕಡಿ ಯಾಕೆ ಬೇಕು? ಮೂವತ್ತು ವರ್ಷದಿಂದ ಎತ್ತಿ ನೋಡ್ತಾ ಇದೀನಿ, ಅರ್ಧ ಕೆಜಿ ಹೆಚ್ಚುಕಮ್ಮಿ ಆಗಿಲ್ಲ. ಹನ್ನೆರಡೂವರೆ ಬೀಳ್ತೈತೆ."

ಬೀಳ್ತೈತೆ! ಸಂತೆಯಲ್ಲಿ ಕುರಿಯ ಸೊಂಟ ಹಿಡಿದು ಒಂದು ಸಲ ಮೇಲೆತ್ತಿ ಇವರು ಹೇಳುವ ಮಾತು ಅದು. ತಲೆ, ಕಾಲು, ಚರ್ಮ, ಕರುಳು ಎಲ್ಲ ಕಳೆದು ಬರೀ ಮಾಂಸ ಎಷ್ಟು ಬೀಳುತ್ತದೋ ಅಷ್ಟೇ ಅವರಿಗೆ ತೂಕ. ಕುರಿಯೇ ಬರಲಿ, ಮೇಕೆಯೇ ಬರಲಿ, ಅವನ ಕೈಗೆ ಬೇರೆ ಲೆಕ್ಕ ಗೊತ್ತಿಲ್ಲ.

"ನನ್ನ ನಾಯಿನ ಮಾಂಸಕ್ಕೆ ತೂಗಿದ್ಯೇನೋ? ನಿನ್ನ ಕೈ ಸೇದೋಗ! ತಪ್ಪು ತೂಕ ಹೇಳಿ ಕೊಂದ್ಯಲ್ಲೋ ಅದನ್ನ!" ಎದೆಗೆ ಗುದ್ದಿದೆ. ಅವನು ಗುದ್ದಿಸಿಕೊಂಡು ನಿಂತ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು, ನನ್ನನ್ನು ಎತ್ತಿ ಆಡಿಸಿದವನು.

ಕೈಯಲ್ಲಿದ್ದ ಫೋನಿನಲ್ಲಿ ಡಾಕ್ಟರು ಕೂಗುತ್ತಿದ್ದರು. "ಅಮ್ಮಾ, ಜಗಳ ಆಮೇಲೆ ಆಡ್ರಿ! ನಿಜವಾದ ತೂಕ ಎಷ್ಟು?"

"ಇಪ್ಪತ್ತೈದು ಐತೆ ಸಾರ್."

"ನೋಡೋಕೆ ಹೆಂಗೈತೆ?"

ಹೇಳಿದೆ. ಉದ್ದ ಮೂತಿ, ಇಳಿದ ಎದೆ, ಸೊಂಟವೇ ಇಲ್ಲ.

"ಬೇಟೆನಾಯಿ ಜಾತಿ ಅದು. ಮೈಯಲ್ಲಿ ಕೊಬ್ಬು ಇರಲ್ಲ. ಈ ಮಾತ್ರೆ ಅವಕ್ಕೆ ಬೇರೆ ನಾಯಿಗಿಂತ ಬಹಳ ಜೋರಾಗಿ ಹಿಡೀತೈತೆ. ನೋಡದೆ ನಾನು ಬರೀಬಾರದಿತ್ತು, ತಪ್ಪು ನಂದೇ," ಅಂದರು. "ಇಪ್ಪತ್ತೈದು ಅಂತ ಹೇಳಿದ್ರೆ ಎರಡು ಮಾತ್ರೆ ಬರೀತಿದ್ದೆ. ಎರಡು ಹೋಗಿದ್ರೆ..." ಅಷ್ಟಕ್ಕೇ ನಿಲ್ಲಿಸಿದರು.

ಬಾಯಿಗೆ ಏನೂ ಹಾಕಬೇಡಿ, ಬೆಚ್ಚಗಿಡಿ, ಉಸಿರು ಎಣಿಸಿ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಕೂಡಲೇ ಫೋನ್ ಮಾಡಿ, ರಸ್ತೆ ಬಿಟ್ಟ ತಕ್ಷಣ ನಾನೇ ಹೊರಟು ಬರುತ್ತೇನೆ ಅಂದರು. ಅಣ್ಣ ಓಡಿಹೋಗಿ ತನ್ನ ಕರಿ ಕಂಬಳಿ ತಂದು ಹೊದಿಸಿದ. ಎದೆ ಏರುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಕೊನೆಗೆ ನನ್ನ ಅಳತೆ ಟೇಪನ್ನು ಕಂಬಳಿಯೊಳಗೆ ಅದರ ಎದೆಗೆ ಸುತ್ತಿ, ಎರಡು ತುದಿಯನ್ನೂ ಬೆರಳಲ್ಲಿ ಹಿಡಿದು ಕೂತೆ. ಉಸಿರು ಬಂದಾಗ ಟೇಪು ಒಂದು ನೂಲು ಜಾರುತ್ತಿತ್ತು. ಹತ್ತು. ಆಮೇಲೆ ಒಂಬತ್ತು. ಮತ್ತೆ ಒಂಬತ್ತು. ಊರಿನ ಎಷ್ಟೋ ಜನರ ಎದೆ ಅಳೆದಿದ್ದೇನೆ, ಹೆದರಿ ಟೇಪು ಹಿಡಿದದ್ದು ಅದೇ ಮೊದಲು. ದೇವರೇ, ಇದೊಂದನ್ನು ಉಳಿಸಿಕೊಡು, ಇನ್ನು ನಿನ್ನ ಹತ್ತಿರ ಏನೂ ಕೇಳಲ್ಲ ಅಂದೆ.

ಮೆರವಣಿಗೆ ಕೆರೆಯ ಕಡೆ ಹೋಯಿತು. ಬೀದಿ ಖಾಲಿಯಾಯಿತು. ಹೊರಟಿದ್ದೀನಿ, ಅಲ್ಲೇ ಇರಿ ಅಂತ ಡಾಕ್ಟರು ಫೋನ್ ಮಾಡಿದರು. ಆ ನಿಶ್ಶಬ್ದ ನನಗೆ ಸಹಿಸಲಾಗಲಿಲ್ಲ. "ಹೊಡೀರೋ, ಇನ್ನೊಂದು ಪಟಾಕಿ ಹೊಡೀರೋ," ಅಂತ ಬಾಗಿಲ ಕಡೆ ನೋಡಿ ಅಂದೆ. ಅಣ್ಣ ಇವಳಿಗೆ ತಲೆ ಕೆಟ್ಟಿತು ಅನ್ನುವಂತೆ ನೋಡಿದ. ನಾನು ನಾಯಿಯ ಕಿವಿಗೆ ಬಾಯಿಟ್ಟು ಹೇಳುತ್ತಲೇ ಇದ್ದೆ: "ಹೆದರು ಲೇ. ಒಂದೇ ಒಂದು ಸಲ ಹೆದರು. ಎಲ್ಲಿ ಬೇಕಾದರೂ ಓಡಿ ಹೋಗು, ಹುಡುಕಿಕೊಂಡು ಬರ್ತೀನಿ."

ಹೊತ್ತು ಮುಳುಗುವ ಹೊತ್ತಿಗೆ ಕೆರೆಯ ಕಡೆಯಿಂದ 'ಢಮ್' ಅಂತು. ಗಣೇಶ ನೀರಿಗೆ ಇಳಿದ. ಟೇಪು ನನ್ನ ಬೆರಳಿನಿಂದ ಎಳೆದುಕೊಂಡು ಹೋಯಿತು. ಕಿವಿ ಸೆಟೆಯಿತು. ಮೈ ಪೂರ್ತಿ ಒಂದು ಸಲ ನಡುಗಿ, ನಾಯಿ ಮೂತಿಯನ್ನು ನನ್ನ ಮಡಿಲೊಳಗೆ ತುರುಕಲು ನೋಡಿತು. ಹೆದರಿತ್ತು! ನಾನು ಗೊಳೋ ಅಂತ ಅತ್ತುಬಿಟ್ಟೆ.

ಮಲಗಿದ್ದಲ್ಲೇ ಒದ್ದೆ ಮಾಡಿಕೊಂಡಿತ್ತು. ಒಣ ಜಾಗಕ್ಕೆ ಹಾಕೋಣ ಅಂತ ಅಣ್ಣ ಎರಡೂ ಕೈ ಕೆಳಗೆ ತೂರಿಸಿ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ, ಹಾಗೇ ಎದೆಗೆ ಒತ್ತಿ ಹಿಡಿದುಕೊಂಡು ನಿಂತ. ಗುಲಾಲು ಮೆತ್ತಿದ ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಇಪ್ಪತ್ತೈದು," ಅಂದ. "ಜೀವ ಸೇರಿ ಇಪ್ಪತ್ತೈದು ಐತೆ ಕಣವ್ವ."