ಕಮಲಕ್ಕ ಬಳಿದ ನೆಲ

ಜಟ್ಟಿಯವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಹಾರವಾಡಕ್ಕೆ ಬಂದು ಎಷ್ಟೋ ದಿನಗಳವರೆಗೆ ನನಗೆ ಗೊತ್ತೇ ಆಗಿರಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಯಾರ್‍ಯಾರದೋ ಹರಿದ ಬಲೆ ಹೊಲಿಯುತ್ತಿದ್ದರು. ಹೆಂಡತಿ ಕಮಲಕ್ಕ ಊಟಕ್ಕೆ ಕರೆದರೆ ಎದ್ದು, ಕಂಬ ಬಳಸಿ, ಎತ್ತರದ ಹೊಸಿಲು ದಾಟಿ, ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು. ಎರಡು ಕಣ್ಣೂ ಚೆನ್ನಾಗಿರುವ ನಾನು ಅದೇ ಬಾಗಿಲಿಗೆ ಮೊದಲ ದಿನವೇ ಹಣೆ ಬಡಿಸಿಕೊಂಡಿದ್ದೆ.

ಗಂಡನಿಗೆ ರೈಲ್ವೆಯಲ್ಲಿ ಕೆಲಸವಾದ್ದರಿಂದ ನಾವು ಇಲ್ಲಿಗೆ ಬಂದವರು. ನಾನು ಹುಟ್ಟಿ ಓದಿದ್ದೆಲ್ಲ ಹುಬ್ಬಳ್ಳಿಯಲ್ಲಿ. ಆಗ ಮಗಳಿಗೆ ಇನ್ನೂ ಅಂಬೆಗಾಲೂ ಬಂದಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟಿರುವಾಗ, ಬಟ್ಟೆ ಒಣಗಿಸುವಾಗ ಅವಳನ್ನು ಜಟ್ಟಿಯವರ ತೊಡೆಯ ಮೇಲೆ ಕೂರಿಸಿ ಬರುತ್ತಿದ್ದೆ. ಒಂದು ದಿನ ಕಮಲಕ್ಕ ಹುಲ್ಲಿನ ಹೊರೆ ಇಳಿಸುತ್ತ, ಮಾಮೂಲಿ ಮಾತಿನಂತೆ ಹೇಳಿದರು. "ಕೂಸಿನ ಬಾಯಲ್ಲಿ ಯಂತ ಅದೆ ನೀವೇ ನೋಡ್ಕಳಿ ತಂಗೀ. ಅವ್ರಿಗೆ ಕಾಣೂದಿಲ್ಲಲಾ."

ನಾನು ಓಡಿಹೋಗಿ ಮಗಳನ್ನು ಎತ್ತಿಕೊಂಡೆ. ಬಾಯಲ್ಲಿ ಏನೂ ಇರಲಿಲ್ಲ. ಜಟ್ಟಿಯವರು ನಕ್ಕು, "ಬೀಳ್ಸೂದಿಲ್ಲ ತಂಗೀ. ಹೋದದ್ದು ಕಣ್ಣು, ಕೈ ಅಲ್ಲ" ಅಂದರು. ನಾಚಿಕೆಯಾಗಿ ಮತ್ತೆ ಅವರ ತೊಡೆಯ ಮೇಲೆಯೇ ಕೂರಿಸಿದೆ. ಆದರೂ ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡುವುದು ಬಿಡಲಿಲ್ಲ. ಇಣುಕುವುದು ನನ್ನ ಸ್ವಭಾವ. ಬಾವಿಗೆ ಬಲೆ ಹಾಕಿದ್ದಾರೋ, ಗ್ಯಾಸ್ ಬಂದ್ ಆಗಿದೆಯೋ, ಕೂಸು ಉಸಿರಾಡುತ್ತಿದೆಯೋ, ಎಲ್ಲವನ್ನೂ ಎರಡೆರಡು ಸಲ ನೋಡಬೇಕು.

ಹಾಗೆ ಇಣುಕಿ ಇಣುಕಿಯೇ ಆ ಮನೆಯ ಬದುಕು ನನಗೆ ಗೊತ್ತಾದದ್ದು. ಜಟ್ಟಿ ಪ್ರಾಯದಲ್ಲಿ ಬೇರೆಯವರ ದೋಣಿಗಳಲ್ಲಿ ದುಡಿದವರು. ಐವತ್ತರ ಹತ್ತಿರ ಬರುತ್ತಿದ್ದಂತೆ ದೋಣಿಯ ಅಂಚು ಕಾಣದಾಯಿತು, ಆಮೇಲೆ ದೂರದ ದೋಣಿಯೇ ಕಾಣದಾಯಿತು. ಕಾರವಾರದ ಡಾಕ್ಟರು ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗಿದೆ, ಹೋದದ್ದು ಹೋಯಿತು ಅಂದರಂತೆ. ಕೊನೆಗೆ ಉಳಿದದ್ದು ಬೆಳಕೆಲ್ಲಿ, ಕತ್ತಲೆಲ್ಲಿ ಎಂದು ತಿಳಿಯುವಷ್ಟು ಮಾತ್ರ. ಕಮಲಕ್ಕ ಕೂಲಿಗೆ ಹೋಗುವವರು. ನಟ್ಟಿ, ಕಳೆ, ಶೇಂಗಾ ಕೀಳುವುದು, ಯಾವುದಿದ್ದರೂ ಸೈ. ಬೆಳಿಗ್ಗೆ ಗಂಜಿ ಮಾಡಿಟ್ಟು ಹೋದರೆ ಬರುವುದು ಮೂರು ಸಂಜೆಗೆ. ಅಷ್ಟು ಹೊತ್ತೂ ಜಟ್ಟಿ ಒಬ್ಬರೇ. ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು, ತಾವೇ ನೀರು ಕುಡಿಯುತ್ತಿದ್ದರು, ಹಿತ್ತಲ ಬಾಗಿಲು ದಾಟಿ ತೆಂಗಿನ ಮರದಾಚೆಯ ಪಾಯಖಾನೆಗೆ ತಾವೇ ಹೋಗಿ ಬರುತ್ತಿದ್ದರು. ಯಾರಾದರೂ ಕೈ ಹಿಡಿಯಲು ಹೋದರೆ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದರು. ದೋಣಿ ಹೋಗಿತ್ತು, ಸಮುದ್ರ ಹೋಗಿತ್ತು. ಯಾರ ಕೈಯನ್ನೂ ಹಿಡಿಯದೆ ಎದ್ದು ಹೋಗಿ ಬರುವುದೊಂದು ಮಾತ್ರ ಉಳಿದಿತ್ತು.

ಅದು ಅವರಪ್ಪ ಕಟ್ಟಿಸಿದ ಮಣ್ಣುಗೋಡೆಯ ಮನೆ. ಒಳಗೆ ಹಗಲಲ್ಲೂ ಮಬ್ಬು. ನೆಲ ಮಣ್ಣಿನದು, ಕಮಲಕ್ಕ ವಾರಕ್ಕೊಮ್ಮೆ ಸಗಣಿಗೆ ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಕಪ್ಪಗೆ, ತಣ್ಣಗೆ ಇರುತ್ತಿತ್ತು, ಅಲ್ಲಲ್ಲಿ ತಗ್ಗು ಉಬ್ಬು.

ಹೋದ ವರ್ಷದ ಮಳೆಗಾಲದಲ್ಲಿ ಜಟ್ಟಿ ಹಿತ್ತಲ ಮೆಟ್ಟಿಲಿನ ಪಾಚಿಗೆ ಜಾರಿ ಬಿದ್ದರು. ಹುಬ್ಬಿನ ಮೇಲೆ ಒಡೆದು ರಕ್ತ ಬಂತು. ಅಂಕೋಲೆಗೆ ಹೋಗಿ ಹೊಲಿಗೆ ಹಾಕಿಸಿ ತಂದ ಮೇಲೆ ಕಮಲಕ್ಕನಿಗೆ ಕೂಲಿಗೆ ಹೋದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಮನೆಯೇ ಅವರ ಕಣ್ಣಿಗೆ ವೈರಿಯಾಯಿತು. ಹೊಸಿಲು ಎಡವಲಿಕ್ಕೆ, ಕಂಬ ಬಡಿಯಲಿಕ್ಕೆ, ತಗ್ಗು ಬಾಗಿಲು ತಲೆ ಒಡೆಯಲಿಕ್ಕೆ, ಪಾಯಖಾನೆ ಅಷ್ಟು ದೂರ ಇದ್ದದ್ದು ಬೀಳಿಸಲಿಕ್ಕೆ. ಎಲ್ಲ ತೆಗೆಸಿ, ನೆಲ ಸಮ ಮಾಡಿಸಿ, ಮಲಗುವಲ್ಲಿಗೇ ತಾಗಿ ಪಾಯಖಾನೆ ಬಚ್ಚಲು ಕಟ್ಟಿಸುವುದು ಎಂದು ಗಂಡ ಹೆಂಡತಿ ಕೂಡಿಯೇ ನಿಶ್ಚಯಿಸಿದರು. ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು. ಜಟ್ಟಿ ಹೆಂಡತಿಗಿಂತ ಹೆಚ್ಚು ಹುರುಪಿನಲ್ಲಿದ್ದರು. ಮೊದಲೇ ಮಾಡಿಸಬೇಕಿತ್ತು, ಕಣ್ಣಿದ್ದಾಗ ಮಾಡಿಸಿದ್ದರೆ ನೋಡಲಾದರೂ ಸಿಗುತ್ತಿತ್ತು ಎನ್ನುತ್ತಿದ್ದರು.

ಟೈಲ್ಸ್ ಆರಿಸಲು ಅಂಕೋಲೆಗೆ ಹೋದ ದಿನ ಮಗಳ ಲಸಿಕೆಗೆಂದು ನಾನೂ ಜೊತೆಗಿದ್ದೆ. ಅಂಗಡಿಯವ ಒಂದೊಂದೇ ತೆಗೆದು ಇಟ್ಟ. ಜಟ್ಟಿ ನೆಲದ ಮೇಲೆ ಕುಳಿತು ಪ್ರತಿಯೊಂದನ್ನೂ ಅಂಗೈಯಿಂದ ಸವರಿದರು. ದೊರಗಿನದನ್ನು ಬದಿಗೆ ತಳ್ಳಿದರು. ಬಲೆಯ ದಾರದ ಗಂಟನ್ನು ಉಗುರಿನಲ್ಲೇ ಪತ್ತೆ ಹಚ್ಚುವ ಕೈ ಅದು, ಸಣ್ಣ ಗೆರೆ ಇದ್ದರೂ ಒಪ್ಪಲಿಲ್ಲ. ಕಮಲಕ್ಕನಿಗೆ ನಿಂತು ನಿಂತು ಬೇಸರ ಬಂತು.

"ನನ್ನ ನೋಡೂಕೆ ಬಂದಾಗ ಚಾ ಆರೂದ್ರೊಳಗೆ ಹೂಂ ಅಂದಿದ್ರಿ. ಈ ಕಲ್ಲಿಗೆ ಬೆಳಗಿಂದ ತಡವ್ತೇ ಇದ್ರಿ."

"ಆಗ ಕಣ್ಣಿತ್ತಲೆ, ಅದ್ಕೇ ಮೋಸ ಹೋದೆ" ಅಂದರು ಜಟ್ಟಿ.

ಅಂಗಡಿಯವನೂ ನಕ್ಕ. ಕೊನೆಗೆ ಅವರ ಕೈ ನಿಂತದ್ದು ಇದ್ದವುಗಳಲ್ಲೆಲ್ಲ ನುಣ್ಣನೆಯದರ ಮೇಲೆ. ಬಣ್ಣ ಯಾವುದು ಎಂದು ಕೇಳಿದರು. ಮೊಸರಿನ ಬಣ್ಣ ಅಂದರು ಕಮಲಕ್ಕ. ಅದೇ ಸಾಕು ಅಂದರು.

ಗಾರೆ ಕೆಲಸದ ಗವಂಡಿ ಸುಕ್ರ ಕಮಲಕ್ಕನ ತವರಿನ ಕಡೆಯವರು. ಕೆಲಸ ಮುಗಿಯುವವರೆಗೆ ಜಟ್ಟಿ, ಕಮಲಕ್ಕ ಇಬ್ಬರೂ ಹಿತ್ತಲ ಕೊಟ್ಟಿಗೆಯಲ್ಲಿದ್ದರು. ಸಿಮೆಂಟಿನ ಧೂಳಿಗೆ ಹೆದರಿ ನಾನು ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿ ಕೂತೆ. ಹಳೆಯ ಕಂಬ ಹೋಯಿತು. ಹೊಸಿಲು ಹೋಯಿತು. ಬಾಗಿಲು ಎತ್ತರವಾಗಿ, ಗಾಳಿ ಬರಲೆಂದು ಒಂದು ಮಾರು ಬದಿಗೆ ಸರಿಯಿತು. ದೊಡ್ಡ ಕಿಟಕಿಗಳು ಬಂದವು. ನೆಲ ಮುಗಿದ ದಿನ ಸುಕ್ರ ನಮ್ಮನ್ನೆಲ್ಲ ಕರೆದು, ನಡುಮನೆಯಲ್ಲಿ ಒಂದು ಗೋಲಿ ಇಟ್ಟು ತೋರಿಸಿದರು. ಇಟ್ಟಲ್ಲೇ ನಿಂತಿತು. ಜಟ್ಟಿ ಬಗ್ಗಿ, ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಸುಕ್ರನ ಬೆನ್ನು ತಟ್ಟಿದರು.

ಹಾಲುಕ್ಕಿಸಿದ ದಿನ ಪಾಯಸ ಉಂಡು ಎಲ್ಲ ಹೊರಗೆ ಮಾತಾಡುತ್ತಿದ್ದರು. ಜಟ್ಟಿ ಕೈ ತೊಳೆಯಲು ಎದ್ದರು. ನಾನು ಮಗಳ ಬಾಯಿ ಒರೆಸುತ್ತ ಅಲ್ಲೇ ಇದ್ದೆ. ನಾಲ್ಕು ಹೆಜ್ಜೆ ಸಲೀಸಾಗಿ ಇಟ್ಟವರು ನಿಂತರು. ಎಡಗೈ ಚಾಚಿದರು, ಅಲ್ಲಿ ಕಂಬವಿರಲಿಲ್ಲ. ಪಾದವನ್ನು ನೆಲದ ಮೇಲೆ ಮುಂದಕ್ಕೂ ಹಿಂದಕ್ಕೂ ತೀಡಿದರು. ಎಲ್ಲಿ ತೀಡಿದರೂ ಒಂದೇ. ಮುಖವನ್ನು ಅತ್ತಿತ್ತ ತಿರುಗಿಸಿದರು. ಮಬ್ಬಿನ ಮನೆಯಲ್ಲಿ ಬೆಳಕಿನ ಒಂದು ಪಟ್ಟಿ ಕಂಡರೆ ಅದು ಬಾಗಿಲೆಂದು ಅವರಿಗೆ ತಿಳಿಯುತ್ತಿತ್ತು. ಈಗ ಕಿಟಕಿ, ಗೋಡೆ, ಮೊಸರಿನ ಬಣ್ಣದ ನೆಲ, ಎಲ್ಲವೂ ಬೆಳಕೇ. ಅವರು ಬಾಗಿಲೆಂದುಕೊಂಡು ಗೋಡೆಗೆ ಹೋದರು. ಹಣೆ ತಾಗಿತು. ಯಾರೂ ನೋಡಲಿಲ್ಲವೆಂದುಕೊಂಡು ಅಲ್ಲೇ ಗೋಡೆ ಸವರುತ್ತ, ಗಿಲಾವು ಚಲೋ ಆಗಿದೆಯೇ ಎಂದು ಪರೀಕ್ಷಿಸುವವರಂತೆ ನಿಂತುಬಿಟ್ಟರು. ನಾನು ಸದ್ದಾಗದಂತೆ ಮಗಳನ್ನು ಎತ್ತಿಕೊಂಡು ಹೊರಗೆ ಬಂದೆ.

ಹೊಸತಲ್ಲವೇ, ರೂಢಿಯಾಗುತ್ತದೆ ಎಂದು ಎಲ್ಲರೂ ಹೇಳಿದರು. ರೂಢಿಯಾಗಲಿಲ್ಲ. ಕಣ್ಣು ಮಂಜಾಗುತ್ತ ಹೋದ ವರ್ಷಗಳಲ್ಲಿ ಅವರು ಆ ಹಳೆಯ ಮನೆಯನ್ನು ಕಾಲಿನಿಂದ ಕಲಿತಿದ್ದರು, ಅರ್ಧ ಕಣ್ಣಿನ ಸಹಾಯವಿದ್ದಾಗ. ಈ ಮನೆಯನ್ನು ಕಲಿಯಲು ಆ ಅರ್ಧವೂ ಇರಲಿಲ್ಲ. ಕಮಲಕ್ಕ ತೆಂಗಿನ ನಾರಿನ ಚಾಪೆಗಳನ್ನು ದಾರಿಯುದ್ದಕ್ಕೂ ಹಾಸಿದರು. ನುಣ್ಣನೆಯ ನೆಲದ ಮೇಲೆ ಚಾಪೆ ಸರಿದು ಜಟ್ಟಿ ಅಂಗಾತ ಬಿದ್ದರು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು. ಆಮೇಲೆ ಮಂಚದಿಂದ ಪಾಯಖಾನೆಯವರೆಗೆ ಬಲೆಯ ಹಗ್ಗ ಎಳೆದು ಕಟ್ಟಿದರು. ಜಟ್ಟಿ ಅದನ್ನು ಮುಟ್ಟಿ ನೋಡಿ ಕೈ ಹಿಂದೆಗೆದರು.

"ಬಿಚ್ಚು ಇದ್ನ. ಎಮ್ಮೆ ಕಟ್ಟಿದಂಗೆ ಕಟ್ಬೇಡ ನನ್ನ."

ಕಮಲಕ್ಕ ಬಿಚ್ಚಿದರು. ಅಲ್ಲಿಂದ ಕೈ ಹಿಡಿದು ಕರೆದೊಯ್ಯುವುದು ಶುರುವಾಯಿತು. ಅವರು ಕೂಲಿಗೆ ಹೋದ ದಿನ ನನಗೆ ಹೇಳಿ ಹೋಗುತ್ತಿದ್ದರು. ನಾನು ಹೋಗಿ ಏನಾದರೂ ಬೇಕೇ ಎಂದು ಕೇಳಿದರೆ ಜಟ್ಟಿ ಏನೂ ಬೇಡ ಎನ್ನುತ್ತಿದ್ದರು. ಕಟ್ಟಿಕೊಂಡವಳ ಕೈಯೇ ಬೇಡವೆನಿಸಿದಾಗ ಪಕ್ಕದ ಮನೆಯ ಹುಡುಗಿಯ ಕೈ ಹಿಡಿದು ಪಾಯಖಾನೆಗೆ ಹೋಗುವುದುಂಟೇ. ನನ್ನ ಮಗಳಿಗೆ ಆಗ ನಡಿಗೆ ಬಂದಿತ್ತು. ಅವಳು ಓಡಿ ಬಂದರೆ ಸಂತೋಷಪಡುತ್ತಿದ್ದವರು ಈಗ ಮೈ ಬಿಗಿ ಮಾಡಿ ಕೂರುತ್ತಿದ್ದರು. ಕೂಸು ಎಲ್ಲಿದೆ ಎಂದು ತಿಳಿಯುವುದಿಲ್ಲ, ತುಳಿದರೆ ಕಷ್ಟ, ಮನೆಗೆ ಕರೆದುಕೊಂಡು ಹೋಗು ಎಂದು ಒಂದು ದಿನ ಅವರೇ ಹೇಳಿದರು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಸುತ್ತಿಗೆಯ ಸದ್ದಾಯಿತು. ಹೋಗಿ ನೋಡಿದರೆ ಕಮಲಕ್ಕ ಸೆರಗು ಸಿಕ್ಕಿಸಿಕೊಂಡು, ಮಂಚದ ಬುಡದಿಂದ ನಡುಮನೆಯ ಉದ್ದಕ್ಕೂ ಟೈಲ್ಸ್ ಒಡೆದು ಕೀಳುತ್ತಿದ್ದರು. ಚೂರುಗಳು ಕಾಲಿಗೆ ತಾಗೀತೆಂದು ನಾನು ಕೂಗಿದರೂ ನಿಲ್ಲಿಸಲಿಲ್ಲ. ಹುತ್ತದ ಮಣ್ಣು ಹೊತ್ತು ತಂದು, ಕಲಸಿ ಹಾಕಿ, ಹಲಗೆಯಿಂದ ಬಡಿದರು. ಹಳೆಯ ನೆಲ ಇದ್ದ ಹಾಗೆಯೇ ಮಾಡಿಕೊಡುತ್ತೇನೆ, ಎಷ್ಟು ವರ್ಷ ನಾನೇ ಬಳಿದದ್ದಲ್ಲವೇ ಎನ್ನುವುದು ಅವರ ಮಾತು. ಮಣ್ಣು ಹಸಿಯಿರುವಾಗಲೇ ಅಂಗೈಯಿಂದ ತಗ್ಗು ತಗ್ಗು, ಉಬ್ಬು ಉಬ್ಬು ಮಾಡುತ್ತ ಹೋದರು. ಜಟ್ಟಿಯವರು ಮಂಚದ ಮೇಲೆ ಕುಳಿತು ಆ ಸದ್ದನ್ನೇ ಕೇಳುತ್ತಿದ್ದರು. ಅವರ ಮುಖದಲ್ಲಿ ನಾನು ಬಹಳ ದಿನದ ಮೇಲೆ ಆಸೆ ಎನ್ನಬಹುದಾದದ್ದನ್ನು ಕಂಡೆ.

ಮೂರ್ನಾಲ್ಕು ದಿನಕ್ಕೆ ನೆಲ ಒಣಗಿ, ಸಗಣಿ ಬಳಿದ ಮೇಲೆ ಒಂದು ಬೆಳಿಗ್ಗೆ ಜಟ್ಟಿ ಮಂಚದಿಂದ ಇಳಿದರು. ಎರಡು ಹೆಜ್ಜೆ. ನಿಂತರು.

"ಇಲ್ಲಿ ತಗ್ಗಿತ್ತು."

"ಇಲ್ಲ, ಇಲ್ಲಿ ಸಮ ಇತ್ತು. ತಗ್ಗು ಅಲ್ಲಿ, ಒನಕೆ ಇಡೂ ಜಾಗದಲ್ಲಿ" ಅಂದರು ಕಮಲಕ್ಕ.

"ನನ್ನ ಕಾಲಿಗೆ ಗೊತ್ತಿಲ್ವನೆ? ಇಲ್ಲೇ ಇತ್ತು. ಹಿಮ್ಮಡಿ ಕೂತ್ಕಂತಿತ್ತು."

"ನಾ ಬಳ್ದ ನೆಲ ನಂಗೆ ಗೊತ್ತಿಲ್ವನು?"

ಜಟ್ಟಿ ಇನ್ನೊಮ್ಮೆ ಹಿಮ್ಮಡಿ ಊರಿ ನೋಡಿದರು. ಆಮೇಲೆ ಜಟ್ಟಿ ಜಗಳದ ದನಿಯಿಲ್ಲದೆ ಕೇಳಿದರು, ವಾರ ವಾರ ಬಳಿಯುವಾಗ ತಗ್ಗು ಕಂಡರೆ ಏನು ಮಾಡುತ್ತಿದ್ದೆ ಎಂದು. ಕಮಲಕ್ಕ ಕೈಯ ಸಗಣಿಯನ್ನು ಬಕೆಟಿನ ಅಂಚಿಗೆ ಒರೆಸಿದರು.

"ತುಂಬ್ತಿದ್ದೆ" ಅಂದರು. "ಪ್ರತಿ ಸಲ ತುಂಬ್ತಿದ್ದೆ. ಮತ್ತೆ ಬೀಳ್ತಿತ್ತು."

ಅವರು ತುಂಬಿದ್ದನ್ನು ವಾರದೊಳಗೆ ಇವರ ಕಾಲು ಮತ್ತೆ ತಗ್ಗು ಮಾಡುತ್ತಿತ್ತು. ಕಮಲಕ್ಕನ ಅಂಗೈಗೆ ನೆನಪಿದ್ದದ್ದು ತಾನು ಸಮ ಮಾಡಿದ ನೆಲ. ಜಟ್ಟಿಯವರ ಹಿಮ್ಮಡಿಗೆ ನೆನಪಿದ್ದದ್ದು ತಾನು ತುಳಿದು ತಗ್ಗು ಮಾಡಿದ ನೆಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಇಬ್ಬರಿಗೂ ಗೊತ್ತಿದ್ದ ಒಂದೇ ನೆಲ ಇರಲಿಲ್ಲ. ಆದರೂ ಕಮಲಕ್ಕ ಬಿಡಲಿಲ್ಲ. ಅವರು ಹೇಳಿದಲ್ಲಿ ಮಣ್ಣು ಕೆರೆದರು, ಬೇಡವೆಂದಲ್ಲಿ ತುಂಬಿದರು. ಜಟ್ಟಿ ಮತ್ತೆ ಮತ್ತೆ ನಡೆದರು. ಪ್ರತಿ ಸಲ ಹೇಳುವುದು ಬದಲಾಗುತ್ತಿತ್ತು. ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ಇಷ್ಟಾದರೂ ಕಂಬವಿದ್ದಲ್ಲಿ ಕಂಬವಿರಲಿಲ್ಲ, ಬಾಗಿಲು ತನ್ನ ಜಾಗದಲ್ಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಮಂಚವನ್ನು ತಡವಿ ಹುಡುಕಿ ಕುಳಿತರು.

"ಸಾಕು ಬಿಡೆ ಕಮ್ಲೀ. ಇದು ಬೇರೆಯವ್ರ ಮನೆ ನೆಲ."

ಈಗ ಏಪ್ರಿಲ್ಲು. ಸೆಕೆಗೆ ಮೈಯೆಲ್ಲ ಅಂಟು. ಹತ್ತು ದಿನದ ಹಿಂದೆ ಜಟ್ಟಿಯವರಿಗೆ ಉರಿಮೂತ್ರವಾಗಿ ಜ್ವರ ಬಂತು. ಅಂಕೋಲೆಯ ಡಾಕ್ಟರು ನೀರು ಕುಡಿಯುವುದು ತೀರಾ ಕಡಿಮೆಯಾಗಿದೆ ಎಂದು ಬೈದು ಕಳಿಸಿದರು. ಆಗಲೇ ನಮಗಿಬ್ಬರಿಗೂ ತಿಳಿದದ್ದು. ಕಮಲಕ್ಕ ಬೆಳಿಗ್ಗೆ ತುಂಬಿಟ್ಟು ಹೋದ ಚೊಂಬು ಸಂಜೆಗೂ ತುಂಬಿಯೇ ಇರುತ್ತಿತ್ತು. ಗಂಜಿಯ ತಿಳಿಯನ್ನೂ ಅವರು ಬಟ್ಟಲಲ್ಲೇ ಬಿಡುತ್ತಿದ್ದರು. ನಾನು ಮಜ್ಜಿಗೆ ಮಾಡಿಕೊಂಡು ಹೋಗಿ ಒತ್ತಾಯಿಸಿದೆ. ಬಾಯಾರಿಲ್ಲ ಅಂದರು. ಕೂಸಿಗೆ ಹೇಳುವ ಹಾಗೆ ಹೇಳಿದೆ, ಹೆದರಿಸಿಯೂ ನೋಡಿದೆ, ಮೂತ್ರಪಿಂಡ, ಆಸ್ಪತ್ರೆ ಎಂದೆಲ್ಲ.

"ಕುಡ್ದ್ರೆ ಏಳ್ಬೇಕಾಗ್ತದೆ ತಂಗೀ" ಅಂದರು.

ಕಮಲಕ್ಕ ಈಗ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಇಡೀ ದಿನ ಗಂಡನ ಎದುರಿಗೇ ಇರುತ್ತಾರೆ. ಕೈ ಹಿಡಿಯಲು ತಾನಿದ್ದೇನಲ್ಲ, ಕುಡಿಯಲಿ ಎಂದು. ತನ್ನನ್ನು ಎಬ್ಬಿಸಿ ನಡೆಸಲೆಂದೇ ಹೆಂಡತಿ ದುಡಿಮೆ ಬಿಟ್ಟು ಕೂತಿದ್ದಾಳೆಂಬುದು ಗೊತ್ತಿರುವುದರಿಂದ ಅವರು ಇನ್ನೂ ಕಡಿಮೆ ಕುಡಿಯುತ್ತಾರೆ. ಕಮಲಕ್ಕ ಚೊಂಬನ್ನು ಅವರ ಬಾಯಿಗೆ ಹಿಡಿಯುತ್ತಾರೆ, ಅವರು ತುಟಿ ಒದ್ದೆ ಮಾಡಿಕೊಂಡು, ಸಾಕು ಎಂದು ಕೈಯೆತ್ತುತ್ತಾರೆ.