ಕಾಂತಪ್ಪಣ್ಣನ ರಕ್ತಕ್ಕೆ ಬೆಳಕು

ಕಾಂತಪ್ಪಣ್ಣ ಭಾಂಡುಪ್‌ನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದವರು. ನಾನು ಆ ಹೋಟೆಲಿನ ಮುಂದೆ ಆಟೊ ನಿಲ್ಲಿಸುತ್ತೇನೆ. ಪರಿಚಯ ಆದದ್ದು ಹಾಗೆ.

ಐದು ವರ್ಷದ ಹಿಂದೆ ಅವರ ಬೆನ್ನಿನ ಮೇಲೆ ಕೆಂಪು ಮಚ್ಚೆ ಎದ್ದವು. ಒಲೆಯ ಕಾವು ಎಂದು ಕೊಬ್ಬರಿ ಎಣ್ಣೆ ಹಚ್ಚಿದರು. ಗಜಕರ್ಣ ಎಂದು ಮುಲಾಮು ಹಚ್ಚಿದರು. ಮಚ್ಚೆ ಮೈಯೆಲ್ಲ ಹಬ್ಬಿತು. ಕೆರೆದು ಕೆರೆದು ಬನಿಯನ್ನಿಗೆ ರಕ್ತ ಅಂಟುತ್ತಿತ್ತು. ಒಂದು ಗಂಟೆ ನಿದ್ದೆ ಬಂದರೆ ಹೆಚ್ಚು. ಕೊನೆಗೆ ಬಾಂದ್ರಾದ ಆಸ್ಪತ್ರೆಯಲ್ಲಿ ಚರ್ಮದ ಚೂರು ತೆಗೆದು ನೋಡಿ, ಇದು ಚರ್ಮಕ್ಕೆ ಬರುವ ಒಂದು ಬಗೆಯ ಕ್ಯಾನ್ಸರ್, ರಕ್ತದಲ್ಲೂ ಇದೆ ಎಂದರು.

ಚಿಕಿತ್ಸೆಗೆಂದು ಅಲ್ಲಿ ಕೈಯಿಂದ ರಕ್ತ ಎಳೆದು, ಅದರ ಬಿಳಿ ಕಣಗಳನ್ನು ಮೆಷಿನ್‌ನಲ್ಲಿ ಬೇರೆ ಮಾಡುತ್ತಾರೆ. ಅವಕ್ಕೆ ಔಷಧಿ ಬೆರೆಸಿ, ನೇರಳೆ ಬೆಳಕು ಹಾಯಿಸಿ, ಮತ್ತೆ ಮೈಗೇ ಬಿಡುತ್ತಾರೆ. ತಿಂಗಳಿಗೊಮ್ಮೆ, ಸಾಲಾಗಿ ಎರಡು ದಿನ. ಗಂಡ ಹೆಂಡತಿಯನ್ನು ನನ್ನ ಆಟೊದಲ್ಲೇ ಕರೆದೊಯ್ದು, ಮುಗಿಯುವವರೆಗೂ ಜೊತೆಗಿರುತ್ತಿದ್ದೆ. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ಇದನ್ನು ನಿಲ್ಲಿಸಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಿಂದಿನ ದಿನದಿಂದ ತುಪ್ಪ, ಎಣ್ಣೆ, ತೆಂಗಿನಕಾಯಿ ತಿನ್ನಬಾರದು ಎಂದೂ ಹೇಳಿದ್ದರು.

ಮೂರನೇ ತಿಂಗಳು ಅರ್ಧ ಗಂಟೆಗೇ ಮೆಷಿನ್ ನಿಂತಿತು. ರಕ್ತದ ನೀರು ಹಾಲಿನ ಹಾಗೆ ಬೆಳ್ಳಗಿತ್ತು. ಅದರಲ್ಲಿ ಜಿಡ್ಡು ತುಂಬಿದೆ, ಕಣ ಬೇರೆಯಾಗುತ್ತಿಲ್ಲ ಎಂದರು.

"ಸುಬಹ್ ಕ್ಯಾ ಖಾಯಾ?" ಬೆಳಿಗ್ಗೆ ಏನು ತಿಂದಿರಿ ಎಂದು ನರ್ಸ್ ಕೇಳಿದರು.

"ಕುಛ್ ನಹೀ." ಏನೂ ಇಲ್ಲ ಎಂದರು ಕಾಂತಪ್ಪಣ್ಣ.

ಅವರ ಹೆಂಡತಿ ವಾರಿಜಕ್ಕ ಗಂಡನ ಮುಖ ನೋಡಿದರು. "ಬೆಳಿಗ್ಗೆ ಹೋಟೆಲಿಗೆ ಯಾಕೆ ಹೋದದ್ದು ನೀವು?"

"ಆ ಹೊಸ ಅಡುಗೆಯವ ಬಂಡೆಪ್ಪನಿಗೆ ಶೀರದ ಹದ ಗೊತ್ತಿಲ್ಲ. ತೋರಿಸ್ಲಿಕ್ಕೆ ಹೋದೆ."

"ತಿಂದ್ರಾ?"

"ತಿನ್ಲಿಲ್ಲ ಮಾರಾಯ್ತಿ. ರುಚಿ ನೋಡಿದ್ದು."

"ಎಷ್ಟು ಸಲ?"

"ಶೀರ ಮೂರು ಸಲ. ಮತ್ತೆ ತುಪ್ಪದ ದೋಸೆ. ಚಟ್ನಿ ನೋಡದೆ ಹೊರಗೆ ಕಳಿಸ್ಲಿಕ್ಕಾಗ್ತದಾ?"

ನಾನು ಸುಮ್ಮನಿರಬೇಕಿತ್ತು. "ಅಣ್ಣಾರ, ನಿಮ್ಮ ರುಚಿ ನೋಡೂದು ಅಂದ್ರ ನಮ್ಮ ಮನ್ಯಾಗ ಇಬ್ಬರ ನಾಷ್ಟಾ ಆಕ್ಕೈತ್ರಿ" ಎಂದೆ.

"ನೀನೊಬ್ಬ ಕಮ್ಮಿ ಇದ್ದೆ, ಉಸ್ಮಾನ" ಎಂದರು.

ಅವರು ಸುಳ್ಳು ಹೇಳಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅದನ್ನು ಅವರು ಊಟ ಎಂದು ಎಣಿಸಿದ್ದೇ ಇಲ್ಲ.

ನಾಳೆಯೂ ಹೀಗಾದರೆ ಈ ತಿಂಗಳ ಚಿಕಿತ್ಸೆ ಪೂರ್ತಿ ಹೋದಂತೆ ಎಂದರು ಡಾಕ್ಟರು. ಆ ದಿನ ವಾರಿಜಕ್ಕ ಬರೀ ಗಂಜಿ ಬಡಿಸಿದರು. ಮರುದಿನ ಮೆಷಿನ್ ಮೂರು ಗಂಟೆ ಓಡಿತು.

ಆಮೇಲೆ ಆಸ್ಪತ್ರೆಯ ದಿನ ಹತ್ತಿರ ಬಂದರೆ ಕಾಂತಪ್ಪಣ್ಣ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ನನ್ನ ಆಟೊದಲ್ಲಿ ಕೂತು ಫೋನಿನಲ್ಲೇ ಬಂಡೆಪ್ಪನಿಗೆ, "ರವೆ ಘಮ್ ಅಂತದಾ? ಇಲ್ಲದಿದ್ರೆ ಇನ್ನೂ ಹುರಿ" ಎನ್ನುತ್ತಿದ್ದರು.

ಆರನೇ ತಿಂಗಳು ಡಾಕ್ಟರು ಅಂಗಿ ಬಿಚ್ಚಿಸಿ ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದರು. ಬೆನ್ನು ಅರ್ಧ ತಿಳಿಯಾಗಿತ್ತು. "ಪೂರ್ತಿ ಹೋಗಿಲ್ಲ. ಆದರೆ ನಿಲ್ಲಿಸೋದು ಬೇಡ" ಎಂದರು.

ಬೆಳಕಿನ ಚಿಕಿತ್ಸೆಯ ನಂತರ ಮೈಮೇಲೆ, ಕಣ್ಣಿಗೆ ಬಿಸಿಲು ಬೀಳಬಾರದು. ಆಟೊದ ಎರಡೂ ಬದಿಗೆ ಪರದೆ ಎಳೆದು ಹೊರಟೆ. ಘಾಟ್ಕೋಪರ್ ಬಳಿ ಟ್ರಾಫಿಕ್ ಜಾಮ್. ಕನ್ನಡಿಯಲ್ಲಿ ನೋಡಿದೆ. ಕಾಂತಪ್ಪಣ್ಣ ಕಪ್ಪು ಕನ್ನಡಕ ಹಾಕಿಕೊಂಡೇ, ಬಾಯಿ ತೆರೆದು ನಿದ್ದೆ ಹೋಗಿದ್ದರು. ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಕೆರೆಯುತ್ತಿರಲಿಲ್ಲ.

ವಾರಿಜಕ್ಕ ತುಟಿಯ ಮೇಲೆ ಬೆರಳಿಟ್ಟರು. ಭಾಂಡುಪ್ ಬರುವವರೆಗೂ ನಾನು ಹಾರ್ನ್ ಹೊಡೆಯಲಿಲ್ಲ.